ಎಂಟನೆಯ ಕುಂಡದ ತೊಗಟೆ

ಫೆಬ್ರವರಿ ೩, ಸೋಮವಾರ

ಈ ಮೂಲಕ ನನಗೆ ನಾನೇ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಆರು ವಾರ ನಾನು ಕಾಲೇಜಿನಿಂದ ಗಡೀಪಾರು. ಆರೋಪ: ಪ್ರಾಂಶುಪಾಲರ ಸಹಿಯಿಲ್ಲದ, ಆದರೆ ಅವರ ಗತ್ತು ಪೂರ್ತಿ ಇರುವ ಒಂದು ಸುತ್ತೋಲೆಯನ್ನು ಸೂಚನಾ ಫಲಕಕ್ಕೆ ಅಂಟಿಸಿದ್ದು. ‘ಡಿಕ್ಕಿ ತಪ್ಪಿಸುವ ಸಲುವಾಗಿ ನಾಳೆಯಿಂದ ಸಕಲರೂ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯತಕ್ಕದ್ದು.’ ವಿದ್ಯಾರ್ಥಿಗಳು ಒಬ್ಬರೂ ನಂಬಲಿಲ್ಲ. ಉಪನ್ಯಾಸಕರು ನಾಲ್ವರು ಇಳಿದರು. ನಾಲ್ಕನೆಯವರು ಸ್ವಲ್ಪ ಬೇಗ ಇಳಿದರು.

ಅಪ್ಪ ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು, ತಮ್ಮ ಅಕ್ಕನ ಊರಿಗೆ ಬಸ್ಸು ಹತ್ತಿಸಿದರು. ಅತ್ತೆ ಹೋದ ವಾರ ಏಣಿಯಿಂದ ಬಿದ್ದು, ಮುರಿದ ಬಲಗಾಲಿಗೆ ತೊಡೆಯ ತನಕ ಪ್ಲಾಸ್ಟರ್ ಹಾಕಿಸಿಕೊಂಡು ಕೆಳಗಿನ ಕೋಣೆಯಲ್ಲಿ ಮಲಗಿದ್ದಾರೆ. ಅಡುಗೆಗೆ, ಬಟ್ಟೆಗೆ ಬೆಳಿಗ್ಗೆ ಒಬ್ಬಾಕೆ ಬಂದು ಹೋಗುತ್ತಾರೆ. ನನ್ನ ಹುದ್ದೆ ತಾರಸಿಯದ್ದು. ಅಲ್ಲಿ ಇಪ್ಪತ್ತು ಕುಂಡಗಳಲ್ಲಿ ಇಪ್ಪತ್ತು ಬೋನ್ಸಾಯ್. ಅಂದರೆ ಮನೆಯೆತ್ತರ ಬೆಳೆಯಬೇಕಾದ ಮರಗಳನ್ನು ಮೊಣಕೈ ಎತ್ತರಕ್ಕೆ ನಿಲ್ಲಿಸಿಟ್ಟ ಸೆರೆಮನೆ. ಖೈದಿಗಳಿಗೆ ಖೈದಿಯೇ ಕಾವಲು.

“ನೀರು ಹಾಕು. ಮುಟ್ಬೇಡ,” ಎಂದರು ಅತ್ತೆ. ಅದೇ ಸ್ವಾಗತ.

“ಮುಟ್ದೆ ನೀರು ಹೇಗತ್ತೆ ಹಾಕೋದು?”

“ಆಕಾಶ ಹಾಕಲ್ವೇನೇ ಕಪಿ, ಹಾಗೆ.”

ಫೆಬ್ರವರಿ ೫, ಬುಧವಾರ

ಅತ್ತೆ ಮೂವತ್ತು ವರ್ಷ ದಂತವೈದ್ಯರಿಗೆ ಕೃತಕ ಹಲ್ಲಿನ ಸೆಟ್ಟು ಮಾಡಿಕೊಟ್ಟವರು. ಅವರ ಕೆಲಸದ ಕೋಣೆಯಲ್ಲಿ ಈಗಲೂ ಕಪಾಟಿನ ತುಂಬ ದವಡೆಗಳು, ಒಂದರ ಪಕ್ಕ ಒಂದು, ಯಾರದೋ ಮಾತಿಗೆ ಒಟ್ಟಾಗಿ ನಗುತ್ತಿರುವಂತೆ. ಅವುಗಳಲ್ಲಿ ಒಂದನ್ನು ನಾನು ಇವತ್ತು ಸಕ್ಕರೆ ಡಬ್ಬಿಯೊಳಗೆ ಕೂರಿಸಿ, ಕಾಫಿಯ ಜೊತೆ ಅವರ ಮುಂದಿಟ್ಟೆ.

ಅತ್ತೆ ಮುಚ್ಚಳ ತೆಗೆದರು. ನೋಡಿದರು. ಆ ದವಡೆಯಿಂದಲೇ ಸಕ್ಕರೆ ತೋಡಿ ಕಾಫಿಗೆ ಹಾಕಿಕೊಂಡು, “ವಕೀಲರದ್ದು ಇದು. ಅಳತೆ ಕೊಟ್ಟು ಹೋದೋರು ತಿರುಗಿ ಬರ್ಲೇ ಇಲ್ಲ,” ಎಂದರು.

ಈ ಮನೆಯಲ್ಲಿ ನನಗೆ ಸಮಬಲದ ಎದುರಾಳಿ ಇದ್ದಾರೆ ಎಂದು ಗಂಭೀರವಾಗಿ ದಾಖಲಿಸುತ್ತೇನೆ.

ಇನ್ನೊಂದು ಸಂಗತಿ. ಇಪ್ಪತ್ತು ಮರಗಳಲ್ಲಿ ಒಂದು ರಾಜಕುಮಾರ. ಎಲ್ಲ ಕುಂಡಕ್ಕೂ ನಂಬರಿನ ತಗಡಿನ ಚೀಟಿ ಕಟ್ಟಿದೆ, ರಾಜಕುಮಾರ ಎಂಟನೆಯದು. ಅತ್ತೆ ಅದನ್ನು ‘ನನ್ನ ಎಂಟು’ ಅನ್ನುತ್ತಾರೆ, ಬೇರೆಯವರು ‘ನನ್ನ ಮಗ’ ಅನ್ನುವ ದನಿಯಲ್ಲಿ. ಅದು ಚೈನೀಸ್ ಎಲ್ಮ್ ಜಾತಿಯಂತೆ. ಬೋನ್ಸಾಯ್ ಬಳಗದವರು ಹನ್ನೆರಡು ವರ್ಷ ‘ಈ ಸಲ ಬೇಡ’ ಅಂದು ಅಂದು, ಕೊನೆಗೆ ಈ ವರ್ಷ ಪ್ರದರ್ಶನಕ್ಕೆ ಒಪ್ಪಿದ್ದಾರೆ. ಮಾರ್ಚ್ ಹದಿನೈದು, ಹದಿನಾರು. ಅತ್ತೆ ಏಣಿ ಹತ್ತಿದ್ದೂ ಅದಕ್ಕೆ ನೆರಳು ಕಟ್ಟುವುದಕ್ಕೇ.

ಫೆಬ್ರವರಿ ೬, ಗುರುವಾರ

ಎಲೆಯಿಲ್ಲದ ಕಾಲದಲ್ಲಿ ಈ ಮರಗಳೆಲ್ಲ ಒಂದೇ ಥರದ ಕಡ್ಡಿಗಳು. ಆದ್ದರಿಂದ ಇವತ್ತು ಹದಿನಾಲ್ಕು ಕುಂಡಗಳ ನಂಬರು ಚೀಟಿ ಬಿಚ್ಚಿ ಅದಲು ಬದಲು ಮಾಡಿದೆ. ಮರಗಳಿಗೆ ವರ್ಗಾವಣೆ ಆದೇಶ.

ಫೆಬ್ರವರಿ ೭, ಶುಕ್ರವಾರ

ಆದೇಶ ರದ್ದು. ಅತ್ತೆಗೆ ಇನ್ನು ಐದು ವಾರ ಮೆಟ್ಟಿಲು ಹತ್ತುವಂತಿಲ್ಲ. ನೋಡುವವರಿಲ್ಲದ ಚೇಷ್ಟೆ ಸುಮ್ಮನೆ ಕೂಲಿ ಕೆಲಸ. ಎಲ್ಲ ಚೀಟಿಗಳನ್ನೂ ಮತ್ತೆ ಸ್ವಸ್ಥಾನಕ್ಕೆ ಕಟ್ಟಿದೆ, ನೆನಪಿನಿಂದ. ನನ್ನ ನೆನಪಿನ ಶಕ್ತಿಯ ಬಗ್ಗೆ ಅಪ್ಪನಿಗಿರುವ ಅಭಿಪ್ರಾಯ ತಪ್ಪು.

ಫೆಬ್ರವರಿ ೧೦, ಸೋಮವಾರ

ನಿಜವಾದ ಶ್ರಮದಾನದ ದಿನ. ಅತ್ತೆ ಹಾಸಿಗೆಯಿಂದಲೇ ಮೆಟ್ಟಿಲ ಸಂದಿಗೆ ದನಿ ಹಾಯಿಸಿದರು:

“ಏಳನೇದ್ರ ಕಾಂಡ ಪಾಚಿ ಕಟ್ಟಿರುತ್ತೆ! ಹಳೇ ಹಲ್ಲುಜ್ಜೋ ಬ್ರಶ್ ತಗೊಂಡು ಚೆನ್ನಾಗಿ ಉಜ್ಜು! ಸಿಪ್ಪೆ ಉದುರಿದ್ರೆ ಉದುರ್ಲಿ, ಅದು ಉದುರೋ ಜಾತಿ!”

“ಎಂಟನೇದು?”

“ಅದ್ರ ಮೇಲೆ ಉಸಿರು ಕೂಡ ಬಿಡ್ಬೇಡ!”

ಆಜ್ಞೆಯಂತೆ ಎಂಟನೆಯದರ ಸುತ್ತ ದಾರ ಕಟ್ಟಿ ‘ಪ್ರವೇಶ ನಿಷಿದ್ಧ’ ಎಂದು ಬರೆದು ತೂಗುಹಾಕಿದೆ. ಆಮೇಲೆ ಏಳನೆಯದರ ಮುಂದೆ ಕೂತೆ. ಅಬ್ಬಾ, ಏನು ಕೊಳಕು! ಮೈತುಂಬ ಹುಣ್ಣು ಆರಿ ಒಣಗಿದಂತೆ ದಪ್ಪ ದಪ್ಪ ಪದರ. ಒಂದು ಗಂಟೆ ಉಜ್ಜಿದೆ. ಪತ್ರಿಕೆ ಹಾಸಿದ್ದೆ, ಅದರ ಮೇಲೆ ಕಂದು ಚೂರು ರಾಶಿ ಬಿತ್ತು. ಮುಂಭಾಗ ಅಂಗೈಯಗಲ ನುಣ್ಣಗೆ ಹೊಳೆಯತೊಡಗಿತು. ತೋಳು ನೋಯುತ್ತಿರುವುದರಿಂದ ಉಳಿದದ್ದು ನಾಳೆ.

ಬದುಕಿನಲ್ಲಿ ಮೊದಲ ಸಲ ಹೇಳಿದ ಕೆಲಸವನ್ನು ಹೇಳಿದಂತೆ ಮಾಡಿದ್ದೇನೆ. ಹಿತವಾಗಿದೆ. ಚಟವಾಗದಿರಲಿ.

ಫೆಬ್ರವರಿ ೧೧, ಮಂಗಳವಾರ

ಬೆಳಿಗ್ಗೆ ಕಾಫಿ ಹೊತ್ತಿನಲ್ಲಿ ಅತ್ತೆ ಒಳ್ಳೆಯ ಮೂಡಿನಲ್ಲಿದ್ದರು. ನಾನು ಕೇಳದೆಯೇ ಎಂಟನೆಯದರ ಪುರಾಣ ತೆಗೆದರು.

“ಎಲೆ ಇದ್ರೆ ಎಲ್ಮ್ ಅಂತ ಗುರ್ತು ಹಿಡಿಯೋದು ಸುಲಭ. ಚಿಕ್ಕ ಎಲೆ, ಅಂಚಿಗೆ ಗರಗಸದ ಹಲ್ಲು. ಬುಡದಲ್ಲಿ ಒಂದ್ಕಡೆ ಮೇಲೆ, ಒಂದ್ಕಡೆ ಕೆಳಗೆ, ಗುಂಡಿ ತಪ್ಪಾಗಿ ಹಾಕಿದ ಅಂಗಿ ಥರ. ಎಲೆ ಇಲ್ದಾಗ ತೊಗಟೆ ನೋಡ್ಬೇಕು. ಸಾದಾ ಎಲ್ಮು ನುಣುಪು. ಬಿಲ್ಲೆ ಬಿಲ್ಲೆಯಾಗಿ ಸಿಪ್ಪೆ ಬಿಟ್ಟು ಒಳಗೆ ಕಿತ್ತಳೆ ಬಣ್ಣ ತೋರ್ಸುತ್ತೆ, ಏಳನೇದ್ರ ಹಾಗೆ. ನನ್ನ ಎಂಟು ಬೆಂಡು ತೊಗಟೇದು. ಬಿರುಕು ಬಿರುಕು. ಹೆಬ್ಬೆರಳಲ್ಲಿ ಒತ್ತಿದ್ರೆ ಬಾಟ್ಲಿ ಬಿರಡೆ ಥರ ಮೆತ್ತಗೆ ಒಳಗೆ ಹೋಗುತ್ತೆ. ತಂತಿ ಸುತ್ತೋ ಹಾಗಿಲ್ಲ, ಉಜ್ಜೋ ಹಾಗಿಲ್ಲ. ಪೆನ್ಸಿಲ್ ದಪ್ಪದ ಕಡ್ಡಿ ನೆಟ್ಟಿದ್ದು ಕಣೇ. ಆ ಕೋಟು ತೊಟ್ಕೊಳ್ಳೋಕೆ ಅದಕ್ಕೆ ಇಪ್ಪತ್ತೆರಡು ವರ್ಷ ಹಿಡೀತು.”

ನಾನು ಕಾಫಿ ಲೋಟ ಕೆಳಗಿಟ್ಟೆ.

“ನಿನ್ನೆ ಏಳನೇದ್ರಲ್ಲಿ ಕಿತ್ತಳೆ ಬಣ್ಣ ಬಂತಾ?”

“ಬಂತು,” ಎಂದೆ.

ಮೇಲೆ ಓಡಿ ಎರಡನ್ನೂ ಒತ್ತಿ ನೋಡಿದೆ. ದಾರ ಕಟ್ಟಿ ಕಾಪಾಡಿದ ‘ಎಂಟು’ ಕಲ್ಲಿನ ಹಾಗೆ ಗಟ್ಟಿ. ಉಜ್ಜಿದ ‘ಏಳು’, ನಾನು ಮುಟ್ಟದೆ ಬಿಟ್ಟ ಪಕ್ಕದಲ್ಲಿ, ಮೆತ್ತಗೆ ಒಳಗೆ ಹೋಯಿತು.

ಚೀಟಿಗಳನ್ನು ವಾಪಸು ಕಟ್ಟುವಾಗ ಹನ್ನೆರಡು ಸರಿ ಕಟ್ಟಿದ್ದೆ. ಎರಡು ತಪ್ಪಿತ್ತು.

ಫೆಬ್ರವರಿ ೧೨, ಬುಧವಾರ

ಚೂರುಗಳನ್ನು ಖಾಲಿ ಕಾಫಿ ಡಬ್ಬಿಗೆ ತುಂಬಿದೆ. ಇಪ್ಪತ್ತೆರಡು ವರ್ಷ ಅಂದರೆ ಅರ್ಧ ಡಬ್ಬಿ.

ಫೆಬ್ರವರಿ ೧೫, ಶನಿವಾರ

ಶಸ್ತ್ರಚಿಕಿತ್ಸೆ ಮುಗಿಯಿತು. ಮೂರು ದಿನ, ಅತ್ತೆಯ ಚಿಮಟ, ಅತ್ತೆಯ ಭೂತಗನ್ನಡಿ, ಅತ್ತೆಯ ಕೋಣೆಯಲ್ಲೇ ಸಿಕ್ಕ ಹಲ್ಲಿನ ಸೆಟ್ಟು ಅಂಟಿಸುವ ಪೇಸ್ಟು. ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಕಾಂಡಕ್ಕೆ ಕೂರಿಸಿದೆ. ದೊಡ್ಡವು ಮೂವತ್ತೊಂದು, ಪುಡಿಗೆ ಲೆಕ್ಕವಿಲ್ಲ. ಚೀಟಿಗಳನ್ನೂ ಸರಿಪಡಿಸಿದೆ.

ಮೂರು ಹೆಜ್ಜೆ ದೂರದಿಂದ ನೋಡಿದರೆ ಅದ್ಭುತ. ಎರಡು ಹೆಜ್ಜೆಯಿಂದ ಪರವಾಗಿಲ್ಲ. ಒಂದು ಹೆಜ್ಜೆಯಿಂದ ಯಾರೂ ನೋಡಬಾರದು. ಹೇಗೂ ಪ್ರದರ್ಶನದಲ್ಲಿ ಹಗ್ಗ ಕಟ್ಟಿರುತ್ತಾರಂತೆ.

ಈ ಕೈಚಳಕವನ್ನು ಯಾರಿಗೂ ತೋರಿಸಲಾಗದ್ದು ಕಲಾವಿದೆಯಾಗಿ ನನಗೆ ದೊಡ್ಡ ನಷ್ಟ.

ಫೆಬ್ರವರಿ ೨೦, ಗುರುವಾರ

ಬಳಗದ ಅಧ್ಯಕ್ಷರು ಪ್ರದರ್ಶನದ ಅರ್ಜಿ ಹಿಡಿದು ಬಂದಿದ್ದರು. ನಿವೃತ್ತ ಗಣಿತ ಮೇಷ್ಟ್ರು. ಅಂಗಿ ಜೇಬಿನಲ್ಲಿ ಸದಾ ಅಡಿಕೋಲು. ನಾನು ಅವರಿಗೆ ಅಡಿಕೋಲು ಮೇಷ್ಟ್ರು ಎಂದು ನಾಮಕರಣ ಮಾಡಿದ್ದೇನೆ. ಮಂಡಿನೋವಂತೆ, ಮೆಟ್ಟಿಲು ಹತ್ತಲಿಲ್ಲ. ಆ ಮಂಡಿಗಳು ಚಿರಾಯುವಾಗಲಿ.

“ಕಪಿ, ಹೋಗಿ ನನ್ನ ಫೋನಲ್ಲಿ ಎಂಟರದ್ದೊಂದು ಫೋಟೋ ತೆಕ್ಕೊಂಡು ಬಾ,” ಎಂದರು ಅತ್ತೆ.

ಮೂರು ಹೆಜ್ಜೆ ದೂರದಿಂದ ತೆಗೆದು ತಂದೆ.

“ಇನ್ನೂ ಹತ್ರದಿಂದ ತೆಗೀಬಾರ್ದಿತ್ತೇನೇ?”

“ಹತ್ರ ಹೋದ್ರೆ ಮಸುಕಾಗುತ್ತೆ ಅತ್ತೆ. ಫೋನು ಹಳೇದು.”

ಮೇಷ್ಟ್ರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಹನ್ನೆರಡು ವರ್ಷ ಇದು ಬೆಂಡು ಜಾತಿ ಅಲ್ಲ, ಬರೀ ಮುದಿ ತೊಗಟೆ ಅಂತ ವಾದ ಮಾಡಿದ್ದೆ. ತಪ್ಪಾಯ್ತಮ್ಮ,” ಎಂದು ಅತ್ತೆಗೆ ಕೈಮುಗಿದರು. ಅತ್ತೆ ಅರ್ಜಿಗೆ ಸಹಿ ಹಾಕಿದರು. ಸಹಿ ಅರ್ಜಿಯ ಗೆರೆ ದಾಟಿ ಹೋಯಿತು.

ಆ ಫೋನನ್ನು ಈಗ ಔಷಧಿ ಬಾಟ್ಲಿಗೆ ಒರಗಿಸಿಟ್ಟುಕೊಂಡಿದ್ದಾರೆ. ಅದನ್ನು ನೋಡುತ್ತಲೇ ಮಾತ್ರೆ ನುಂಗುತ್ತಾರೆ. ನಾನು ಆ ಕೋಣೆಗೆ ಅಷ್ಟಾಗಿ ಹೋಗುತ್ತಿಲ್ಲ. ಮೇಲೆ ಕೆಲಸ ಜಾಸ್ತಿ.

ಫೆಬ್ರವರಿ ೨೫, ಮಂಗಳವಾರ

ಎಂಟು ಚಿಗುರಿದೆ! ಸಾಸಿವೆ ಕಾಳಿನಷ್ಟು ಮೊಗ್ಗುಗಳು. ನಿನ್ನೆ ನಲವತ್ತೊಂದು, ಇವತ್ತು ಅರವತ್ತಮೂರು. ಒಂದು ಎಲೆ ಬಿಚ್ಚಿಕೊಂಡೂ ಇದೆ, ಅಗುಳಿನಷ್ಟು. ಎಲೆಯ ಬುಡ ನೋಡಿದೆ, ಹೌದು, ಅಂಗಿಯ ಗುಂಡಿ ತಪ್ಪಾಗಿದೆ. ಬೇಸರಕ್ಕೆ ಎಣಿಸುತ್ತಿರುವುದು ಅಷ್ಟೇ.

ಒಂದು ಮಾತು. ಅಂಟಿಸಿದ ಜಾಗದ ಮೇಲಿರುವ ಎಡಗಡೆಯ ಕೊಂಬೆಯಲ್ಲಿ ಮೊಗ್ಗುಗಳು ಬಂದು ಕಪ್ಪಾಗಿವೆ. ಪೇಸ್ಟು ನೀರು ಕುಡಿದು ಉಬ್ಬಿದೆ, ಗುಲಾಬಿ ಬಣ್ಣದ ಒಸಡಿನ ಹಾಗೆ. ಮುಟ್ಟಿದರೆ ಜಾರುತ್ತದೆ. ವಾಸನೆ.

ಫೆಬ್ರವರಿ ೨೭, ಗುರುವಾರ

ಉಗುರಿನಿಂದ ಎಡಗಡೆಯ ಕೊಂಬೆಯ ತೊಗಟೆ ಕೆರೆದು ನೋಡಿದೆ. ಜೀವವಿದ್ದರೆ ಒಳಗೆ ಹಸಿರು ಕಾಣಬೇಕಂತೆ; ಅತ್ತೆಯೇ ಬೇರೊಂದು ಗಿಡಕ್ಕೆ ಹೇಳಿದ್ದು. ತುದಿಯಲ್ಲಿ ಕಂದು. ನಡುವೆ ಕಂದು. ಕಾಂಡಕ್ಕೆ ಸೇರುವಲ್ಲಿ ಸ್ವಲ್ಪ ಹಸಿರು, ಅದೂ ಮಾಸಲು. ಇವತ್ತು ಇಲ್ಲಿಯ ತನಕ ಬಂದದ್ದು ನಾಳೆ ಕಾಂಡಕ್ಕೆ ಇಳಿಯುತ್ತದೆ. ಏನು ಮಾಡಬೇಕೆಂದು ಗೊತ್ತಿರುವವರು ಈ ಮನೆಯಲ್ಲಿ ಒಬ್ಬರೇ.

ಕೆಳಗೆ ಹೋದೆ.

“ಅತ್ತೆ, ಒಂದು ಕಾಲ್ಪನಿಕ ಪ್ರಶ್ನೆ. ಯಾರದೋ ಮನೇಲಿ ಒಂದು ಮರ ಇದೆ ಅಂತಿಟ್ಕೊಳ್ಳಿ...”

“ಎಂಟಕ್ಕೇನಾಯ್ತು?”

ಎಲ್ಲ ಹೇಳಿದೆ. ಚೀಟಿ, ಬ್ರಶ್ಶು, ಕಾಫಿ ಡಬ್ಬಿ, ಮೂವತ್ತೊಂದು ಚೂರು. ನಡುವೆ ಎಲ್ಲೂ ತಮಾಷೆ ಸೇರಿಸಲು ಜಾಗ ಸಿಗಲಿಲ್ಲ.

ಅತ್ತೆ ಗೋಡೆ ನೋಡುತ್ತಾ ಕೇಳಿಸಿಕೊಂಡರು. “ಇದೂ ನಿನ್ನ ಆಟಾನೇನೇ?”

“ಅಲ್ಲ ಅತ್ತೆ. ಆಟ ಆಗಿದ್ರೆ ಇನ್ನೂ ಚೆನ್ನಾಗಿ ಮಾಡಿರ್ತಿದ್ದೆ.”

“ಹದಿನೈದು ದಿನ ಬಾಯಿ ಮುಚ್ಕೊಂಡಿದ್ದೋಳು ಇವತ್ಯಾಕೆ ಹೇಳ್ದೆ?”

“ಅದು ಸಾಯ್ತಿದೆ.”

ಅವರು ಔಷಧಿ ಬಾಟ್ಲಿಗೆ ಒರಗಿದ್ದ ಫೋನನ್ನು ಬೋರಲು ಹಾಕಿದರು. ಆಮೇಲೆ, “ಯಾವ ಪೇಸ್ಟು?”

“ಹಲ್ಲಿನ ಸೆಟ್ಟಿಂದು.”

“ಅಯ್ಯೋ ಪೆದ್ದೇ! ಅದು ಒದ್ದೇಲಿ ಉಬ್ಬಿ ಹಿಡ್ಕೊಳ್ಲಿ ಅಂತಾನೇ ಮಾಡಿರೋದು! ಬಾಯಲ್ಲಿ ಇರ್ಬೇಕಾದ್ದು ಅದು, ಬದುಕಿರೋ ಮರದ ಮೇಲಲ್ಲ! ನಿಂತ್ಕೊಂಡು ನನ್ನ ಮುಖ ಏನ್ ನೋಡ್ತೀಯ? ಉಗುರು ಬೆಚ್ಚಗಿನ ನೀರು, ಹತ್ತಿ, ಸಣ್ಣ ಕರಣೆ. ಮೆಟ್ಟಿಲು ಹತ್ತು!”

ಫೆಬ್ರವರಿ ೨೮, ಶುಕ್ರವಾರ

ನಿನ್ನೆ ಸಂಜೆಯ ತನಕ, ಇವತ್ತು ಬೆಳಿಗ್ಗೆಯಿಂದ. ಪೇಸ್ಟು ಕೆರೆಯುವುದು, ಹತ್ತಿಯಲ್ಲಿ ಒರೆಸುವುದು, ಆರಲು ಬಿಡುವುದು. ಕೆಳಗಿನಿಂದ ಪ್ರಶ್ನೆ, ಮೇಲಿನಿಂದ ಉತ್ತರ.

“ಬಣ್ಣ?”

“ಕಂದು!”

“ಇನ್ನೂ ಕೆಳಗೆ?”

“ಕಂದು! ಇಲ್ಲ ಇಲ್ಲ, ಹಸಿರು! ಹಸಿರು ಅತ್ತೆ!”

ಕೆಳಗಿನಿಂದ ತೀರ್ಮಾನ ಬಂತು: “ಆ ಕೊಂಬೆ ಉಳಿಯಲ್ಲ. ಬುಡಕ್ಕೆ ಕತ್ತರಿಸು. ಗಾಳಿ ಆಡೋ ಕಡೆ ಇಡು, ಕಾಂಡಕ್ಕೆ ನೀರು ಸೋಕಿಸ್ಬೇಡ, ಮಣ್ಣಿಗೆ ಮಾತ್ರ.”

ಕತ್ತರಿಸಿದೆ. ಆ ಕಟ್ ಎಂಬ ಸದ್ದು ಕೆಳಗೆ ಕೇಳಿಸಿತಂತೆ. ಕೇಳಿಸುವಷ್ಟು ದೊಡ್ಡ ಕೊಂಬೆಯೇನಲ್ಲ.

ಮಾರ್ಚ್ ೨, ಭಾನುವಾರ

ಪಲ್ಲಕ್ಕಿ ಉತ್ಸವ. ಅತ್ತೆ ಹಠ ಹಿಡಿದರು, ಮೇಲೆ ಹೋಗಲೇಬೇಕು ಎಂದು. ಪಕ್ಕದ ಮನೆಯ ಬೇಕರಿಯವರನ್ನು ಕರೆದೆ. ದಿನಕ್ಕೆ ನಾಲ್ಕು ಮೂಟೆ ಮೈದಾ ಎತ್ತುವ ತೋಳು. ಅತ್ತೆಯನ್ನು ಕುರ್ಚಿಗೆ ಕಟ್ಟಿ, ಅವರು ಕೆಳಗೆ ನಾನು ಮೇಲೆ ಹಿಡಿದು ಹೊರಟೆವು. ಗಮನಿಸಬೇಕಾದ ಅಂಶ: ನಾನು ಮೆಟ್ಟಿಲನ್ನು ಹಿಮ್ಮುಖವಾಗಿ ಹತ್ತಿದೆ. ಪ್ರಾಂಶುಪಾಲರು ನೋಡಬೇಕಿತ್ತು.

“ಅಮ್ಮಾವ್ರೇ, ಅಲ್ಲಾಡ್ಬೇಡಿ, ಬನ್ನು ಬಿದ್ರೆ ಮತ್ತೆ ಮಾಡ್ಬೋದು, ನಿಮ್ಮನ್ನ ಮಾಡಕ್ಕಾಗಲ್ಲ.”

“ಬಾಯಿ ಮುಚ್ಕೊಂಡು ಹತ್ತಪ್ಪಾ ನೀನು.”

ಮರದ ಮುಂದೆ ಇಳಿಸಿದೆವು. ಎದುರಿಗೆ ಅಂಗೈಯಗಲದ ಬೋಳು, ಎಡಗಡೆ ಕೊಂಬೆ ಇದ್ದ ಜಾಗದಲ್ಲಿ ಗಾಯ. ಅತ್ತೆ ಹೆಬ್ಬೆರಳು ಚಾಚಿ ಬೋಳಿನ ಮೇಲೆ ಒತ್ತಿದರು. ಒಳಗೆ ಹೋಗಲಿಲ್ಲ. ಇನ್ನೊಮ್ಮೆ ಒತ್ತಿದರು.

ನಾನು ಒಂದು ಭಾಷಣ ತಯಾರಿಸಿಕೊಂಡಿದ್ದೆ. ಮರೆತುಹೋಯಿತು.

“ಮುಂದಿನ ನಾಲ್ಕು ಹಲ್ಲು ಹೋದ ಮುದುಕನ ಹಾಗೆ ಕಾಣ್ತಾನೆ,” ಎಂದರು ಕೊನೆಗೆ. ಬೇಕರಿಯವರು ನಕ್ಕರು. ಅತ್ತೆ ನಗಲಿಲ್ಲ. ಕೈ ಮಾತ್ರ ಅಲ್ಲಿಂದ ತೆಗೆಯಲಿಲ್ಲ. ಬೇಕರಿಯವರಿಗೆ ಒಲೆಯಲ್ಲಿ ಬ್ರೆಡ್ಡು ಇತ್ತು, ಆದರೂ ಸುಮ್ಮನೆ ನಿಂತಿದ್ದರು.

ಮಾರ್ಚ್ ೬, ಗುರುವಾರ

ಅಡಿಕೋಲು ಮೇಷ್ಟ್ರಿಗೆ ಅತ್ತೆ ತಾವೇ ಫೋನು ಮಾಡಿ ವಿಷಯ ತಿಳಿಸಿದರು. ಮೇಷ್ಟ್ರು ಮಂಡಿನೋವನ್ನೂ ಲೆಕ್ಕಿಸದೆ ಬಂದು ಮೆಟ್ಟಿಲು ಹತ್ತಿ, ಬೋಳನ್ನು ಅಡಿಕೋಲಿನಿಂದ ಅಳೆದು, ಕೆಳಗಿಳಿದು ಬಂದು ಕೂತರು.

“ಮುಂದಿನ ವರ್ಷ ನೋಡೋಣಮ್ಮ. ಇಲ್ಲಾಂದ್ರೆ ಕುಂಡ ತಿರುಗಿಸಿ ಇಡೋಣ, ಹಿಂಭಾಗ ಚೆನ್ನಾಗೇ ಇದೆ. ಯಾರಿಗೂ ಗೊತ್ತಾಗಲ್ಲ.”

“ಈ ವರ್ಷವೇ ಬರುತ್ತೆ. ಮುಖ ಮುಂದಕ್ಕೇ ಇರುತ್ತೆ.”

“ಬಹುಮಾನದ ಮಾತು ಬಿಡಿ, ಜನ ಆಡ್ಕೋತಾರೆ.”

“ಮೂವತ್ತು ವರ್ಷ ಜನರ ಬಾಯಲ್ಲಿ ಇಲ್ಲದ್ದನ್ನ ಇದೆ ಅಂತ ತೋರ್ಸಿ ಬದುಕಿದೀನಿ ಮೇಷ್ಟ್ರೇ. ಮರದ ಹತ್ರಾನೂ ಅದನ್ನೇ ಮಾಡ್ಲಾ?” ಆಮೇಲೆ ನನ್ನತ್ತ ಬೆರಳು ತೋರಿಸಿದರು. “ಎರಡು ದಿನಾನೂ ಇವಳು ಪಕ್ಕದಲ್ಲಿ ನಿಂತಿರ್ತಾಳೆ. ಯಾರು ಕೇಳಿದ್ರೂ ಏನಾಯ್ತು ಅಂತ ಹೇಳ್ತಾಳೆ.”

ಅಪೀಲಿಗೆ ಅವಕಾಶವಿಲ್ಲದ ತೀರ್ಪು.

ಮಾರ್ಚ್ ೧೫, ಶನಿವಾರ

ಪ್ರದರ್ಶನ. ದೊಡ್ಡ ಸಭಾಂಗಣ, ಉದ್ದಕ್ಕೂ ಬಿಳಿ ಬಟ್ಟೆ ಹಾಸಿದ ಮೇಜು, ಐವತ್ತೆರಡು ಮರ. ಐವತ್ತೊಂದರ ಮುಂದೆ ಜನ ‘ಆಹಾ’ ಅಂದು ಮುಂದೆ ಹೋಗುತ್ತಾರೆ. ನಮ್ಮದರ ಮುಂದೆ ನಿಲ್ಲುತ್ತಾರೆ.

ಮೊದಲನೆಯವರಿಗೆ ಸಿಡಿಲು ಬಡಿಯಿತು ಎಂದೆ. ಎರಡನೆಯವರಿಗೆ ಗಿಳಿಗಳು. ಮೂರನೆಯವರಿಗೆ ಗಿಳಿಗಳಿಗೆ ಸಿಡಿಲು ಬಡಿಯಿತು ಎನ್ನುವಷ್ಟರಲ್ಲಿ, ಗಾಲಿ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಊರುಗೋಲಿನಿಂದ ನನ್ನ ಹಿಮ್ಮಡಿಗೆ ಒಂದು ಕೊಟ್ಟರು.

ನಾಲ್ಕನೆಯವರಿಂದ ನಿಜ. “ನಾನು ಚೀಟಿ ಅದಲು ಬದಲು ಮಾಡಿದ್ದೆ. ಕೊಳಕು ಅಂದ್ಕೊಂಡು ಬ್ರಶ್ಶಲ್ಲಿ ಉಜ್ಜಿದೆ. ಆಮೇಲೆ ಮುಚ್ಚಿಡೋಕೆ ಅಂಟಿಸಿದೆ, ಅದ್ರಿಂದ ಕೊಂಬೆ ಹೋಯ್ತು.” ಸಂಜೆಯ ಹೊತ್ತಿಗೆ ಎಂಬತ್ತೇಳು ಸಲ ಹೇಳಿದ್ದೆ. ನಲವತ್ತರ ತನಕ ಬಹಳ ಕಷ್ಟ. ಆಮೇಲೆ ಅವರು ಕೇಳುವ ಮೊದಲೇ ಹೇಳುತ್ತಿದ್ದೆ, ಕೇಳದವರಿಗೂ ಬೆಂಡು ತೊಗಟೆ ಗುರುತಿಸುವುದು ಹೇಗೆಂದು ಹೇಳುತ್ತಿದ್ದೆ. ಒಬ್ಬ ಅಜ್ಜ ಅತ್ತಿತ್ತ ನೋಡಿ ನನ್ನ ಕಿವಿಯಲ್ಲಿ, “ನಾನೂ ಉಜ್ಜಿದ್ದೆ ಮಗಳೇ, ಮೂವತ್ತು ವರ್ಷದ ಹಿಂದೆ. ಹುಳ ಹೊಡೀತು ಅಂತ ಹೆಂಡ್ತೀಗೆ ಹೇಳಿದ್ದೆ, ಇವತ್ತಿಗೂ ಹಾಗೇ ಅಂದ್ಕೊಂಡಿದಾಳೆ,” ಎಂದರು. ಹೆಂಡತಿ ಪಕ್ಕದ ಮೇಜಿನಲ್ಲಿದ್ದರು. ನಾನು ಬಾಯಿ ಬಿಡಲಿಲ್ಲ. ಬೇರೆಯವರ ನಿಜ ಹೇಳುವುದು ನನ್ನ ಶಿಕ್ಷೆಯಲ್ಲಿ ಸೇರಿಲ್ಲ.

ಮಾರ್ಚ್ ೧೬, ಭಾನುವಾರ

ಬಹುಮಾನ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಆದರೂ ಮೊದಲ ಬಹುಮಾನದ ಮರದ ಬೇರು ಸ್ವಲ್ಪ ಒರಟು ಎಂದು ನನ್ನ ವೈಯಕ್ತಿಕ ಅಭಿಪ್ರಾಯ.

ಬೀಗ ಹಾಕುವ ಹೊತ್ತಿಗೆ ಅಡಿಕೋಲು ಮೇಷ್ಟ್ರು ಬಳಗದ ದೊಡ್ಡ ಪುಸ್ತಕ ಹಿಡಿದು ಬಂದರು. ಪ್ರದರ್ಶನಕ್ಕೆ ಬಂದ ಪ್ರತಿಯೊಂದು ಮರವನ್ನೂ ಅದರಲ್ಲಿ ಬರೆದಿಡುತ್ತಾರಂತೆ. ಜಾತಿ, ವಯಸ್ಸು, ಸಾಕಿದವರ ಹೆಸರು. ಹನ್ನೆರಡು ವರ್ಷದಿಂದ ಅತ್ತೆ ಕಾಯುತ್ತಿದ್ದದ್ದು ಬಹುಮಾನಕ್ಕಲ್ಲ, ಆ ಸಾಲಿಗೆ ಎಂದು ಆಗ ಗೊತ್ತಾಯಿತು. ಮೇಷ್ಟ್ರು ‘ಚೈನೀಸ್ ಎಲ್ಮ್’ ಎಂದು ಬರೆದು, ಒಂದು ಕ್ಷಣ ತಡೆದು, ಮುಂದೆ ‘ಬೆಂಡು ತೊಗಟೆ’ ಎಂದು ಸೇರಿಸಿದರು. ಅತ್ತೆ ಆ ಎರಡು ಪದಗಳನ್ನು ಬಹಳ ನಿಧಾನವಾಗಿ ಓದಿದರು.

“ಆ ಬೋಳು ತುಂಬೋಕೆ ಹತ್ತು ಹನ್ನೆರಡು ವರ್ಷ ಬೇಕಮ್ಮ,” ಎಂದರು ಮೇಷ್ಟ್ರು. “ನಿಮ್ಗೆ ಈಗ್ಲೇ ಅರವತ್ತೆಂಟು. ಕಾಲು ಬೇರೆ ಹೀಗೆ. ಅಲ್ಲೀತನಕ ಯಾರು ನೋಡ್ಕೋತಾರೆ?”

“ನಾನು ನೋಡ್ಕೋತೀನಿ, ಇನ್ಯಾರು?” ಎಂದೆ. ಆಗ ನಾನು ಕುಂಡದಡಿಗೆ ಬಟ್ಟೆ ಮಡಿಸಿ ಇಡುತ್ತಿದ್ದೆ. ಕಾರಿನಲ್ಲಿ ಒಯ್ಯುವಾಗ ಅಲ್ಲಾಡಿದರೆ ಚಿಗುರು ಮುರಿಯುತ್ತದೆ. “ಶನಿವಾರ ಕಾಲೇಜು ಅರ್ಧ ದಿನ. ಬಸ್ಸಿಗೆ ಎರಡು ಗಂಟೆ. ವಾರದ ಮಧ್ಯೆ ಬೇಕರಿಯವರು ನೀರು ಹಾಕ್ತಾರೆ, ಮಾತಾಡಿದೀನಿ. ಕಾಂಡಕ್ಕೆ ಸೋಕಿಸ್ಬಾರ್ದು ಅಂತ ಗೋಡೆ ಮೇಲೆ ಬರೆದೂ ಹಾಕಿದೀನಿ.”

ಅತ್ತೆಗೆ ಕರವಸ್ತ್ರ ಬೇಕಾಯಿತು. ಮಡಿಲಲ್ಲೇ ಇತ್ತು, ಆದರೂ ಚೀಲದಲ್ಲಿ ಬಹಳ ಹೊತ್ತು ಹುಡುಕಿದರು.

ಮೇಷ್ಟ್ರು ಪುಸ್ತಕದಲ್ಲಿ ಅತ್ತೆಯ ಹೆಸರಿನ ಪಕ್ಕ ‘ಮತ್ತು’ ಎಂದು ಬರೆದು, ಲೇಖನಿ ಎತ್ತಿ ಹಿಡಿದು, “ನಿನ್ನ ಹೆಸರೇನಮ್ಮ?” ಎಂದು ಕೇಳಿದರು. ನಿಜವಾದ ಹೆಸರನ್ನೇ ಹೇಳಿದೆ. ಬರೆದುಕೊಂಡು ಹೋದರು.

ಕಾರು ಅರ್ಧ ದಾರಿ ಬಂದ ಮೇಲೆ ನೆನಪಾಯಿತು. ಅಳಿಸಲಾಗದ ಶಾಯಿ, ಅಧಿಕೃತ ಪುಸ್ತಕ, ಏನು ಹೇಳಿದರೂ ಬರೆದುಕೊಳ್ಳಲು ಸಿದ್ಧರಿದ್ದ ಅಧ್ಯಕ್ಷರು. ಒಂದು ಸುಳ್ಳು ಹೆಸರು ಕೊಡುವುದಕ್ಕೆ ಅಂಥ ಅವಕಾಶ ಜೀವಮಾನದಲ್ಲಿ ಇನ್ನೊಮ್ಮೆ ಸಿಗುವುದಿಲ್ಲ. ಹೊಳೆಯಲೇ ಇಲ್ಲ. ಎರಡು ದಿನ ನಿಂತು ನಿಂತು ಕಾಲು ಸೋತಿತ್ತಲ್ಲ, ಅದಕ್ಕೇ ಇರಬೇಕು.